ನಿಕಾಸಿಯಾಳ ಗೂಡಿನಲ್ಲಿ ಸುಣ್ಣ ಅರಳಿದ್ದು

ಚುನ್‌ತೂನ್ ಎಂಬ ಊರಿನ ಹೆಂಗಸರಿಗೆ ಸುಣ್ಣವಿಲ್ಲದೆ ಒಂದು ಹೊತ್ತಿನ ಅಡುಗೆಯೂ ನಡೆಯದು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ಸಿಪ್ಪೆ ತೊಳೆದು ಬೀಸಿದರೆ ಮಾತ್ರ ಹಿಟ್ಟಿಗೆ ಅಂಟು ಬರುತ್ತದೆ. ಸುಣ್ಣ ಕೈಕೊಟ್ಟರೆ ರೊಟ್ಟಿ ಹೆಂಚಿನ ಮೇಲೇ ಬಿರಿಯುತ್ತದೆ, ಅದರ ಹಿಂದೆಯೇ ಅತ್ತೆಯ ಬಾಯೂ ಬಿರಿಯುತ್ತದೆ. ಇಷ್ಟೆಲ್ಲ ಇದ್ದೂ ಸುಣ್ಣ ಸುಡುವ ಗೂಡಿನ ಹತ್ತಿರ ಹೆಂಗಸರು ಸುಳಿಯುವಂತಿರಲಿಲ್ಲ. ಹೆಣ್ಣಿನ ನೆರಳು ಬಿದ್ದರೆ ಕಲ್ಲು ಅರಳುವುದಿಲ್ಲ ಎಂಬುದು ಗಂಡಸರ ಶಾಸ್ತ್ರ. ಉಣ್ಣುವಾಗ ಹೆಣ್ಣಿನ ಕೈ ಬೇಕು, ಸುಡುವಾಗ ಅವಳ ನೆರಳೂ ಬೇಡ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುತ್ತೇವಲ್ಲ, ಈ ಪುಣ್ಯಾತ್ಮರು ಸುಣ್ಣವನ್ನೂ ತಮ್ಮ ಪಾಲಿಗೇ ಇಟ್ಟುಕೊಂಡಿದ್ದರು.

ಊರಿನಿಂದ ಗೂಡಿನ ಬಯಲಿಗೆ ಹೋಗುವ ಕಾಲುದಾರಿಯಲ್ಲಿ ಒಂದು ದೊಡ್ಡ ರಾಮೋನ್ ಮರವಿದೆ. ಹೆಂಗಸರ ಸರಹದ್ದು ಅದೇ. ಗೂಡಿಗೆ ಬೆಂಕಿ ಬಿದ್ದ ದಿನಗಳಲ್ಲಿ ಮೇಸ್ತ್ರಿಯ ಹೆಂಡತಿಯೋ ಮಗಳೋ ಪೊಸೊಲೆ, ಅಂದರೆ ಜೋಳದ ಅಂಬಲಿ, ತುಂಬಿದ ಸೋರೆಬುರುಡೆಯನ್ನು ಅದರ ಕೊಂಬೆಗೆ ನೇತುಹಾಕಿ, "ಮೇಸ್ತ್ರೀ, ಬುತ್ತಿ ತಂದಿದೀನಿ!" ಎಂದು ಕೂಗಬೇಕು. ಕೂಗಿದ ಮೇಲೆ ಅಲ್ಲಿ ನಿಲ್ಲಬಾರದು. ಗೂಡಿನ ಕಡೆಯಿಂದ ಯಾರಾದರೂ ಬರುವ ಮೊದಲೇ ಬೆನ್ನು ತಿರುಗಿಸಬೇಕು.

ನಿಕಾಸಿಯಾ ತುಯುಬ್ ಹಾಗೆ ಕೂಗುತ್ತಲೇ ಬೆಳೆದವಳು. ಗೂಡಿನ ಮೇಸ್ತ್ರಿ ದೊನ್ ಡಾಮಾಸೊ ಅವಳ ಅಪ್ಪ. ಅವನ ಸುಣ್ಣಕ್ಕೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಿತ್ತು. ಆದರೆ ದೇವರು ಅವನಿಗೆ ನಾಲ್ಕೂ ಹೆಣ್ಣನ್ನೇ ಕೊಟ್ಟ. "ಡಾಮಾಸೊ ಮನೇಲಿ ಬುತ್ತಿ ಹೊರೋರಿಗೆ ಬರ ಇಲ್ಲ, ಕಲ್ಲು ಹೊರೋರಿಗೇ ಬರ" ಎಂದು ಜನ ನಗುತ್ತಿದ್ದರು. ಅವನೂ ಅವರ ಜೊತೆ ನಕ್ಕು, ಮನೆಗೆ ಬಂದು ಹಗ್ಗದ ತೂಗುಜೋಲಿಯಲ್ಲಿ ಮಲಗಿಬಿಡುತ್ತಿದ್ದ. ನಾಲ್ವರಲ್ಲಿ ಹಿರಿಯಳಾದ ನಿಕಾಸಿಯಾಳಿಗೆ ಮಾತ್ರ ಆ ಕೆಲಸದ ಮೇಲೆ ಕಣ್ಣು. ಕಲ್ಲು ಹೇಗೆ ಪುಡಿಯಾಗುತ್ತದೆ, ಆ ಪುಡಿ ಗೋಡೆಗೆ ಬಳಿದರೆ ಮತ್ತೆ ಹೇಗೆ ಕಲ್ಲಾಗುತ್ತದೆ ಎಂದು ಅವಳು ಕೇಳುವಳು. ಅಪ್ಪನ ಉತ್ತರ ಒಂದೇ: "ಅದು ಗಂಡಸರ ಕೆಲಸ. ನೆರಳು ಬೀಳತ್ತೆ, ಆಚೆ ಹೋಗು."

ಉತ್ತರ ಸಿಕ್ಕಿದ್ದು ಶಾಲೆಯಲ್ಲಿ. ಮೇರಿದಾ ಪಟ್ಟಣದಿಂದ ಬಂದ ಓಬ್ದುಲಿಯಾ ಟೀಚರ್ ವಿಜ್ಞಾನ ಕಲಿಸುತ್ತಿದ್ದಳು. ಸಿಟ್ಟು ಬಂದರೆ ಸೀಮೆಸುಣ್ಣ ಬಾಣವಾಗುತ್ತಿತ್ತು, ಗುರಿಯೂ ತಪ್ಪುತ್ತಿರಲಿಲ್ಲ. ಒಂದು ದಿನ ಅವಳು ಉಪ್ಪಿನ ಹರಳು ಹಿಡಿದುಕೊಂಡು ತರಗತಿಗೆ ಬಂದಳು.

"ಅಕ್ಕಿಗೆ ಕಪ್ಪು ಬೀನ್ಸ್ ಕಾಳು ಬೆರೆಸಿದ್ರೆ ಅದು ಮಿಶ್ರಣ. ಕೂತು ಆರಿಸಿದ್ರೆ ಮತ್ತೆ ಬೇರೆಯಾಗತ್ತೆ. ಉಪ್ಪು ಹಂಗಲ್ಲ. ನೀರಿಗೆ ಬಿದ್ರೆ ಹತ್ತಿ ಉರಿಯೋ ಸೋಡಿಯಂ ಒಬ್ಬ, ಉಸಿರಿಗೆ ಹೋದ್ರೆ ಪ್ರಾಣ ತೆಗೆಯೋ ಕ್ಲೋರಿನ್ ಇನ್ನೊಬ್ಬ. ಇಬ್ರೂ ಶುದ್ಧ ಕೇಡಿಗರು. ಒಬ್ಬ ತನ್ ಹತ್ರ ಹೆಚ್ಚಿಗೆ ಇದ್ದ ಒಂದು ಎಲೆಕ್ಟ್ರಾನ್ ಕೊಟ್ಟ, ಇನ್ನೊಬ್ಬ ಇಸ್ಕೊಂಡ, ಬಂಧ ಬಿತ್ತು. ಈಗ ನೋಡಿ, ನಿಮ್ಮಮ್ಮ ಇಬ್ಬರನ್ನೂ ಒಟ್ಟಿಗೆ ಸಾರಿಗೆ ಹಾಕ್ತಾಳೆ. ಕೂಡಿದ ಮೇಲೆ ಹಳೇ ಗುಣ ಇಬ್ಬರಲ್ಲೂ ಇಲ್ಲ. ಇದಕ್ಕೇ ಸಂಯುಕ್ತ ಅನ್ನೋದು."

ಮಕ್ಕಳು ಆಕಳಿಸಿದರು. ಟೀಚರ್ ಎಲ್ಲರನ್ನೂ ಅಂಗಳಕ್ಕೆ ಅಟ್ಟಿದಳು. ಅಲ್ಲಿ ಒಂದು ಹುಳಿ ಕಿತ್ತಳೆಯ ಮರವಿತ್ತು. ಎರಡು ಹಣ್ಣು ಕಿತ್ತು ನಿಕಾಸಿಯಾಳ ಎರಡೂ ಕೈಗೆ ಕೊಟ್ಟು, "ನೀನು ಕ್ಯಾಲ್ಸಿಯಂ. ನಿನ್ ಹತ್ರ ಈ ಎರಡು ಎಲೆಕ್ಟ್ರಾನ್ ಹೆಚ್ಚಿಗೆ ಇವೆ. ನೀನು ಉದಾರಿ, ಯಾರು ಕೇಳಿದ್ರೂ ಕೊಟ್ಬಿಡ್ತೀಯ" ಎಂದಳು. ಆಮೇಲೆ ಒಬ್ಬ ಹುಡುಗನನ್ನು ಇಂಗಾಲ ಮಾಡಿ, ಮೂವರನ್ನು ಆಮ್ಲಜನಕ ಮಾಡಿ, ಅವನ ಸುತ್ತ ಕೈ ಕೈ ಹಿಡಿಸಿ ನಿಲ್ಲಿಸಿದಳು. "ಇವರು ಪೂರ್ತಿ ಕೊಡೋರೂ ಅಲ್ಲ, ಪೂರ್ತಿ ಕಿತ್ಕೊಳ್ಳೋರೂ ಅಲ್ಲ. ತಮ್ಮತಮ್ಮಲ್ಲೇ ಹಂಚ್ಕೊಂಡು ತಿನ್ನೋ ಕೂಡುಕುಟುಂಬ. ಆದ್ರೂ ಮನೆಗೆ ಎರಡು ಕಮ್ಮಿ ಬಿದ್ದಿದೆ. ನಿಕಾಸಿಯಾ, ಕೊಡು." ಕೊಟ್ಟಳು. ಕೊಟ್ಟವಳೂ ಇಸಕೊಂಡವರೂ ಅಂಟಿಕೊಂಡು ನಿಂತರು. "ಇದೇ ನಿಮ್ಮೂರಿನ ಸುಣ್ಣದ ಕಲ್ಲು!"

ನಿಕಾಸಿಯಾ ನಿಂತಲ್ಲಿಂದಲೇ ಕೇಳಿದಳು: "ಬೆಂಕಿಗೆ ಹಾಕಿದ್ರೆ ಏನಾಗತ್ತೆ ಟೀಚರ್?"

"ಕೂಡುಕುಟುಂಬ ಒಡೆಯತ್ತೆ. ಇಂಗಾಲ ಇಬ್ಬರು ಆಮ್ಲಜನಕದವರನ್ನ ಕಟ್ಕೊಂಡು ಅನಿಲವಾಗಿ ಹಾರಿಹೋಗತ್ತೆ. ಒಬ್ಬ ನಿನ್ ಜೊತೆ ಉಳೀತಾನೆ. ಅದೇ ಸುಟ್ಟ ಸುಣ್ಣ. ಹೋದವರ ಭಾರ ಇಳಿದಿರತ್ತೆ ನೋಡು, ಕಲ್ಲು ಅಷ್ಟೇ ದೊಡ್ಡದು, ತೂಕ ಅರ್ಧಕ್ಕೆ ಹತ್ತಿರ. ಅದಕ್ಕೆ ನೀರು ಸೋಕಿದ್ರೆ ಹಸಿದವಳ ಹಂಗೆ ಕುಡಿದು, ಕುದ್ದು, ಅರಳಿ ಪುಡಿಯಾಗತ್ತೆ."

"ಹಾರಿಹೋದವರು ವಾಪಸ್ ಬರ್ತಾರಾ?"

"ಬರದೆ ಏನು! ಗಾಳೀಲೇ ಹೊಂಚು ಹಾಕ್ಕೊಂಡಿರ್ತಾರೆ. ಸುಣ್ಣದ ಗೋಡೆ ವರ್ಷ ಕಳೆದಂಗೆಲ್ಲ ಯಾಕೆ ಗಟ್ಟಿಯಾಗತ್ತೆ ಅಂದ್ಕೊಂಡೆ? ನೀರನ್ನ ಆಚೆ ನೂಕಿ ಇವರು ಬಂದು ಸೇರ್ಕೋತಾರೆ. ಮತ್ತೆ ಕಲ್ಲು."

ಟೀಚರ್ ಆ ಹಣ್ಣುಗಳಲ್ಲಿ ಒಂದನ್ನು ಸೀಳಿ ಅಂಗಳದ ಕಲ್ಲಿನ ಮೇಲೆ ಹಿಂಡಿದಳು. ಸಣ್ಣ ಸಣ್ಣ ಗುಳ್ಳೆ ಚುಳುಚುಳು ಎದ್ದವು. ಹುಳಿ ತಾಗಿದರೂ ಆ ಸಂಸಾರ ಒಡೆದು ಅನಿಲ ಹೊರಡುತ್ತದಂತೆ. ಗುಳ್ಳೆ ಎದ್ದರೆ ಅದು ಇನ್ನೂ ಕಲ್ಲು, ಏಳದಿದ್ದರೆ ಸುಣ್ಣ. ನಿಕಾಸಿಯಾ ಕೊನೆಗೊಂದು ಪ್ರಶ್ನೆ ಕೇಳಿಯೇಬಿಟ್ಟಳು: "ಹೆಂಗಸಿನ ನೆರಳು ಬಿದ್ರೆ ಕಲ್ಲು ಅರಳಲ್ವಂತಲ್ಲ ಟೀಚರ್?"

ಓಬ್ದುಲಿಯಾ ಟೀಚರ್ ಕೆಮ್ಮು ಬರುವಷ್ಟು ನಕ್ಕಳು. "ಗಂಡು ಹೆಣ್ಣು ನೋಡೋಕೆ ಕ್ಯಾಲ್ಸಿಯಂಗೆ ಕಣ್ಣಿಲ್ಲ ಕಣೇ!"

ಆ ಮಾತನ್ನು ನಿಕಾಸಿಯಾ ಮದುವೆಯ ಉಡುಪುಗಳ ಜೊತೆ ಗಂಡನ ಮನೆಗೂ ಕೊಂಡೊಯ್ದಳು. ಗಂಡ ವಿಲ್ಬರ್ತ್ ಪೂತ್ ಮೂರು ಗಾಲಿಯ ಸೈಕಲ್ಲಿನ ಮುಂದಿನ ಸೀಟಿನಲ್ಲಿ ಜನರನ್ನು ಕೂರಿಸಿ, ಹಿಂದಿನಿಂದ ತುಳಿದು ಸಾಗಿಸುವವನು. ಕಾಡಂಚಿನಲ್ಲಿ ಒಂದಿಷ್ಟು ಜೋಳದ ಹೊಲವೂ ಇತ್ತು. ತಮಾಷೆಯ ಮನುಷ್ಯ. ಹೆಂಡತಿ ಸುಣ್ಣದ ಮಾತೆತ್ತಿದಾಗೆಲ್ಲ, "ನೀನು ಕೊಡೋಳು, ನಾನು ಇಸ್ಕೊಳ್ಳೋನು, ಬಂಧ ಗಟ್ಟಿ" ಎಂದು ರೊಟ್ಟಿಗೆ ಕೈ ಚಾಚುತ್ತಿದ್ದ.

ಮಕ್ಕಳು ದೊಡ್ಡವಾದವು. ಅಮ್ಮ ತೀರಿಕೊಂಡಳು. ಡಾಮಾಸೊನ ಮಂಡಿಗಳು ಸೋತವು. ಅವನ ಕೈಕೆಳಗಿದ್ದ ಆಳುಗಳು ಸಮುದ್ರದ ಕಡೆ ಕಟ್ಟಡ ಕೆಲಸಕ್ಕೆ ಹೋದರು, ಗೂಡಿನ ಬಯಲಲ್ಲಿ ಹುಲ್ಲು ಬೆಳೆಯಿತು. ಊರಿಗೆ ಅಂಗಡಿಯ ಚೀಲದ ಸುಣ್ಣ ಬಂತು. ಬಂದ ಮೇಲೆ ಗಿರಣಿಯ ಮುಂದೆ ಸಾಲು ನಿಂತ ಹೆಂಗಸರಿಗೆಲ್ಲ ಒಂದೇ ಗೋಳು: ಜೋಳದ ಸಿಪ್ಪೆ ಬಿಡುತ್ತಿಲ್ಲ, ಹಿಟ್ಟು ಕೂಡುತ್ತಿಲ್ಲ, ರೊಟ್ಟಿ ಉಬ್ಬುತ್ತಿಲ್ಲ. ಒಬ್ಬಳು ಜೋಳವನ್ನು ಬೈದಳು, ಒಬ್ಬಳು ಗಿರಣಿಯನ್ನು ಬೈದಳು, ಒಬ್ಬಳು ತನ್ನ ಸೊಸೆಯನ್ನು ಬೈದಳು. ನಿಕಾಸಿಯಾ ಮನೆಗೆ ಹೋಗಿ ಒಂದು ಹುಳಿ ಕಿತ್ತಳೆ ತಂದು ಚೀಲದ ಸುಣ್ಣದ ಮೇಲೆ ಹಿಂಡಿದಳು. ಹಾಲು ಉಕ್ಕಿದ ಹಾಗೆ ನೊರೆ ಬಂತು.

"ಇದು ಸುಣ್ಣ ಅಲ್ಲ. ಎಲ್ಲೋ ವರ್ಷಗಟ್ಟಲೆ ಬಾಯಿ ಬಿಟ್ಕೊಂಡು ಕೂತಿದೆ. ಹಾರಿಹೋದ ಅನಿಲ ಎಲ್ಲ ವಾಪಸ್ ಬಂದು ಸೇರ್ಕೊಂಡಿದೆ. ನಾವು ಜೋಳಕ್ಕೆ ಕಲ್ಲುಪುಡಿ ಹಾಕ್ತಾ ಇದೀವಿ ಕಣ್ರೇ."

"ಹಂಗಾದ್ರೆ ನಿಜವಾದ್ದು ಎಲ್ಲಿಂದ ತರೋಣ?" ಎಂದು ಯಾರೋ ಕೇಳಿದರು.

"ನಾನು ಸುಡ್ತೀನಿ."

ಸಾಲಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಹೇಳಿದವಳಿಗೂ ತನ್ನ ಬಾಯಿಂದ ಬಂದದ್ದು ಕೇಳಿ ಆಶ್ಚರ್ಯವಾಯಿತು. ಆದರೆ ಹೊರಗೆ ಬಿದ್ದ ಮಾತನ್ನು ನುಂಗಿಕೊಳ್ಳುವ ಜಾತಿಯವಳಲ್ಲ ಅವಳು.

ಮೊದಲು ಅಪ್ಪನ ಬಳಿ ಹೋದಳು. ಡಾಮಾಸೊ ಜೋಲಿಯಲ್ಲೇ ಮಲಗಿ ಕೇಳಿದ. "ನಾನು ಸತ್ತ ಮೇಲೆ ಗೂಡೂ ಸಾಯ್ಲಿ. ಹೆಂಗಸಿನ ಕೈಲಿ ಕೆಟ್ಟು ಹೆಸರು ಹಾಳಾಗೋದಕ್ಕಿಂತ ಅದೇ ಮೇಲು" ಎಂದು ಗೋಡೆಗೆ ಮುಖ ಮಾಡಿದ. ನಿಕಾಸಿಯಾಳಿಗೆ ಅತ್ತುಬಿಡುವಷ್ಟು ನೋವಾಯಿತು. ನೋವಿಗಿಂತ ಒಂದು ತೂಕ ಹೆಚ್ಚು ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಊರ ಸಭೆಗೆ ಹೋದಳು. ಬಯಲೂ ಕಾಡೂ ಊರ ಒಟ್ಟು ಆಸ್ತಿ. ಸಭೆ ಒಪ್ಪದೆ ಅಲ್ಲಿ ಒಂದು ಕಡ್ಡಿ ಮುರಿಯುವಂತಿಲ್ಲ. ಸಭೆಯ ಮುಖಂಡ ದೊನ್ ತಿಯೊದೋಸಿಯೊ ಎಕ್ ಮೀಸೆಯಲ್ಲೇ ನಕ್ಕ.

"ಏನಮ್ಮಾ, ರೊಟ್ಟಿ ಸುಡೋ ಕೈಲಿ ಕಲ್ಲು ಸುಡ್ತೀಯಾ? ಬಯಲನ್ನ ಕಲ್ಲು ಪುಡಿ ಮಾಡೋ ಯಂತ್ರದೋರು ಕೇಳ್ತಾ ಇದಾರೆ, ಗೊತ್ತಾ?"

"ಗೊತ್ತು. ಒಂದು ಗೂಡಿಗೆ ಅವಕಾಶ ಕೊಡಿ. ಅರಳಿದ್ರೆ ಬಯಲು ಸುಣ್ಣಕ್ಕೇ ಇರ್ಲಿ, ನಾನು ಮೇಸ್ತ್ರಿ. ಅರಳದಿದ್ರೆ ಯಂತ್ರಕ್ಕೆ ಕೊಡಿ, ನಾನು ಬಾಯಿ ಬಿಡಲ್ಲ."

"ನೀನು? ಬಾಯಿ ಬಿಡಲ್ಲ?" ಎಂದ ತಿಯೊದೋಸಿಯೊ. ಸಭೆಗೆ ಸಭೆಯೇ ನಕ್ಕಿತು. ನಗುತ್ತಲೇ ಕೈ ಎತ್ತಿ ಒಪ್ಪಿಗೆಯನ್ನೂ ಕೊಟ್ಟರು. ಸೌದೆಯನ್ನು ಊರ ಕಾಡಿನಿಂದ ತೆಗೆದುಕೊಳ್ಳಬಹುದು, ಒಂದೇ ಒಂದು ಸಲ.

ಗಂಡಸರು ಯಾರೂ ಕೈ ಹಚ್ಚಲಿಲ್ಲ. ಮೂವರು ತಂಗಿಯರು, ಗಿರಣಿಯ ಸಾಲಿನ ಒಂದಷ್ಟು ಗಟ್ಟಿ ಹೆಂಗಸರು, ಇವರೇ ಸೈನ್ಯ. ಜನ್ಮದಲ್ಲಿ ಮೊದಲ ಬಾರಿಗೆ ರಾಮೋನ್ ಮರ ದಾಟಿದಾಗ ಒಬ್ಬಿಬ್ಬರು ಎದೆ ಮುಟ್ಟಿಕೊಂಡು ಶಿಲುಬೆ ಬರೆದುಕೊಂಡರು. ಗೂಡಿನ ಆಕಾರ ಎಲ್ಲರಿಗೂ ಗೊತ್ತಿತ್ತು, ದೂರದಿಂದ ನೋಡಿದ್ದೇ: ದಿಮ್ಮಿಗಳನ್ನು ಗಾಡಿಯ ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಜೋಡಿಸಿ, ನಡುವೆ ಕುಳಿ ಬಿಟ್ಟು, ಎದೆಮಟ್ಟ ಏರಿಸಿ, ಮೇಲೆ ಮುಷ್ಟಿಯಷ್ಟು ದಪ್ಪದ ಕಲ್ಲುಗಳನ್ನು ಗುಡ್ಡೆ ಹಾಕಬೇಕು. ಕೆಂಡ ನಡುವಿನ ಕುಳಿಗೆ ಬೀಳಬೇಕು. ದಿಮ್ಮಿ ಎಂಥದ್ದಿರಬೇಕು ಎಂಬುದು ಮಾತ್ರ ಮರದಾಚೆಯಿಂದ ಕಂಡಿರಲಿಲ್ಲ. ಅಡುಗೆಮನೆಯಲ್ಲಿ ಹಸಿ ಸೌದೆ ಹಚ್ಚಿ ಹೊಗೆ ಕುಡಿದು ಬೈಸಿಕೊಂಡ ಹೆಂಗಸರು ಅವರು. ಚೆನ್ನಾಗಿ ಒಣಗಿದ, ಬಡಿದರೆ ಟಣ್ ಎನ್ನುವ ದಿಮ್ಮಿಗಳನ್ನೇ ಆರಿಸಿ ಆರಿಸಿ ತಂದರು.

ಬೆಳಗಿನ ಜಾವ ಗಾಳಿ ನಿಂತಾಗ ನಿಕಾಸಿಯಾ ಕೆಂಡ ಹಾಕಿದಳು. ಆಹಾ, ಏನು ಉರಿ! ಮರದೆತ್ತರಕ್ಕೆ ಎದ್ದು ಹುಯಿಲಿಟ್ಟಿತು. ಹೆಂಗಸರು ಕುಣಿದಾಡಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು ಬೂದಿಯಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಬೆಂಕಿಗೂ ಅನ್ವಯಿಸುತ್ತದೆ, ಅದು ಆಗ ಯಾರಿಗೂ ಹೊಳೆಯಲಿಲ್ಲ.

ಸುಟ್ಟ ಕಲ್ಲನ್ನು ಇಬ್ಬನಿಗೆ ಬಿಡಬೇಕು. ಇಬ್ಬನಿ ಕುಡಿದು ಅದು ತಾನಾಗಿ ಬಿರಿದು, ದಿನಕ್ಕಿಷ್ಟು ಉಬ್ಬಿ, ಬಿಳಿ ಹೂವಿನ ಗುಡ್ಡೆಯಾಗಬೇಕು. ನಿಕಾಸಿಯಾಳ ಕಲ್ಲುಗಳು ಕೂತಲ್ಲೇ ಕೂತಿದ್ದವು. ಮೇಲೆ ಒಂದಿಷ್ಟು ಪುಡಿ ಉದುರಿತು, ಅಷ್ಟೇ.

ಊರಿಗೆ ಹಬ್ಬ. "ಹೆಂಗಿದೆ ಮೇಸ್ತ್ರೀ ನಿನ್ ಹೂವು? ಮುಡ್ಕೊಳ್ಳೋಕೆ ನಮ್ಮನೆಯೋಳಿಗೂ ಒಂದು ಕೊಡು" ಎಂದ ತಿಯೊದೋಸಿಯೊ, ಅಂಗಡಿಯ ಮುಂದೆ ಎಲ್ಲರಿಗೂ ಕೇಳುವ ಹಾಗೆ. ಮನೆಯಲ್ಲಿ ಅಪ್ಪ ಒಂದೇ ಪದ ಹೇಳಿದ: "ನೆರಳು."

ನಿಕಾಸಿಯಾ ಒಬ್ಬಳೇ ಬಯಲಿಗೆ ಹೋಗಿ ಒಂದು ಕಲ್ಲೆತ್ತಿ ಇನ್ನೊಂದರ ಮೇಲೆ ಕುಟ್ಟಿ ಒಡೆದಳು. ಹೊರಗೆ ಬೆರಳಿನಷ್ಟು ದಪ್ಪಕ್ಕೆ ಬೆಳ್ಳಗೆ, ಒಳಗೆ ತಿರುಳು ಮೊದಲಿನ ಹಾಗೇ ಬೂದು. ಹುಳಿ ಕಿತ್ತಳೆ ಹಿಂಡಿದಳು. ಬಿಳಿಯ ಸಿಪ್ಪೆಯಲ್ಲಿ ಗುಳ್ಳೆಯಿಲ್ಲ, ತಿರುಳಲ್ಲಿ ಚುಳುಚುಳು. ಇನ್ನೊಂದು ಕಲ್ಲೊಡೆದಳು, ಅದೂ ಹಾಗೇ. ಅವಳಿಗೆ ಅಳುವಿನ ನಡುವೆಯೇ ನಗು ಬಂತು. ನೆರಳು ಬೀಳುವುದು ಮೈ ಮೇಲಲ್ಲವೇ? ನೆರಳಿನ ತಪ್ಪಾಗಿದ್ದರೆ ಹೊರಗು ಕೆಟ್ಟು ಒಳಗು ಚೆನ್ನಾಗಿರಬೇಕಿತ್ತು. ಇಲ್ಲಿ ಹೊರಗೇ ಸುಣ್ಣ, ಒಳಗೇ ಕಲ್ಲು. ಕಾವು ತಿರುಳನ್ನು ಮುಟ್ಟುವ ಮೊದಲೇ ಬೆಂಕಿ ಎದ್ದು ಹೋಗಿತ್ತು.

ಓಡುತ್ತಲೇ ಅಪ್ಪನ ಮನೆಗೆ ಬಂದಳು. "ಅಪ್ಪಾ, ನೀನು ಯಾವ ಸೌದೆ ಹಾಕ್ತಿದ್ದೆ? ಅದೊಂದು ಹೇಳು."

ಡಾಮಾಸೊ ಹೇಳಲೊಲ್ಲೆನೆಂದು ಕೈ ಬೀಸಿದ. ಮುದುಕನ ಕಣ್ಣು ಮಾತ್ರ ಒಂದು ಗಳಿಗೆ ಅವಳ ಕೈಯಲ್ಲಿದ್ದ ಒಡೆದ ಕಲ್ಲಿನ ಮೇಲೆ ನಿಂತಿತು.

ನಿಕಾಸಿಯಾ ಕೂತು ಯೋಚಿಸಿದಳು. ಮಾಡಿನ ತೊಲೆಗೆ ಅಪ್ಪನ ಹಳೆಯ ಕೆಲಸದ ಅಂಗಿ ನೇತಾಡುತ್ತಿತ್ತು. ಅದನ್ನು ಕಂಡರೆ ಅಮ್ಮನ ನೆನಪು. ಗೂಡಿನ ದಿನಗಳಲ್ಲಿ ಅಮ್ಮ ಒಗೆಯುವ ಮರಿಗೆಯ ಮುಂದೆ ನಿಂತು ಬೈಯುತ್ತಿದ್ದಳು: "ಮಸಿ ಹೋಗತ್ತೆ, ಬೂದಿ ಹೋಗತ್ತೆ, ಈ ಹಾಳು ಅಂಟು ಮಾತ್ರ ಸತ್ರೂ ಹೋಗಲ್ಲ!" ಅಂಟು! ನಿಕಾಸಿಯಾ ಅಂಗಿ ಎಳೆದು ತೋಳು ಮೂಸಿದಳು. ಹಸಿಯಾಗಿ ಕಡಿದರೆ ಅಂಟು ಹಾಲು ಸುರಿಸುವ ಚಕಾ ಎಂಬ ಕಾಡುಮರದ ಘಾಟು ಇಷ್ಟು ವರ್ಷಗಳ ಮೇಲೂ ಸಣ್ಣಗೆ ಉಳಿದಿತ್ತು. ಒಣಗಿದ ದಿಮ್ಮಿಯಲ್ಲಿ ಹಾಲೆಲ್ಲಿಂದ ಬರಬೇಕು? ಗಂಡಸರು ಅಷ್ಟು ಜೋಪಾನವಾಗಿ ಬಚ್ಚಿಟ್ಟ ಗುಟ್ಟನ್ನು ತಿಂಗಳು ತಿಂಗಳೂ ಹೆಂಡತಿಯರ ಕೈಗೇ ಒಗೆಯಲು ಕೊಟ್ಟಿದ್ದರು.

ಹಸಿ ಚಕಾ. ಹಸಿ ಸೌದೆ ಮೆಲ್ಲಗೆ ಉರಿಯುತ್ತದೆ, ಕಾವು ಕಲ್ಲಿನ ತಿರುಳಿಗೆ ಇಳಿಯುವ ತನಕ ಕಾಯುತ್ತದೆ. ಇನ್ನೂ ಒಂದು ಮಾತು ಅವಳಿಗೆ ಹೊಳೆಯಿತು. ಬಿಟ್ಟುಹೋದ ಅನಿಲ ಕಲ್ಲಿನ ಸುತ್ತಲೇ ಸುಳಿದಾಡುತ್ತಿದ್ದರೆ ಒಳಗಿದ್ದವರು ಹೊರಡುವುದು ಕಷ್ಟ, ಹೋದವರೂ ಮತ್ತೆ ಬಂದು ಕೂರುತ್ತಾರೆ. ಹಸಿ ಮರದ ಆವಿ ಅವರನ್ನು ಗುಡಿಸಿಕೊಂಡು ಆಚೆ ಕಳಿಸುತ್ತದೆ. ಓಬ್ದುಲಿಯಾ ಟೀಚರ್ ಎದುರಿಗಿದ್ದಿದ್ದರೆ ಹೌದೇ ಎಂದು ಕೇಳಬಹುದಿತ್ತು. ಟೀಚರ್ ತೀರಿಹೋಗಿ ಬಹಳ ವರ್ಷವಾಗಿತ್ತು. ಕೇಳಬೇಕಾದ್ದು ಬೆಂಕಿಯನ್ನೇ.

ಆದರೆ ಊರ ಕಾಡಿನ ಸೌದೆಯ ಪಾಲು ಮುಗಿದಿತ್ತು. ಉಳಿದದ್ದು ವಿಲ್ಬರ್ತನ ಹೊಲದ ಚಕಾ ಮರಗಳು. ಬಿತ್ತನೆಗೆ ಮುಂಚೆ ಅವನ್ನು ಕಡಿದು, ಒಣಗಿಸಿ, ಅಲ್ಲೇ ಸುಟ್ಟು, ಆ ಬೂದಿಯಲ್ಲಿ ಜೋಳ ಊರುವುದು ವಾಡಿಕೆ. ಹಸಿಯಾಗೇ ಗೂಡಿಗೆ ಸಾಗಿಸಿದರೆ ಹೊಲಕ್ಕೆ ಬೂದಿಯಿಲ್ಲ; ಬೂದಿಯಿಲ್ಲದಿದ್ದರೆ ಆ ವರ್ಷದ ಜೋಳ ಅರ್ಧಕ್ಕರ್ಧ. ಇದನ್ನೆಲ್ಲ ಗಂಡನಿಗೆ ಬಿಡಿಸಿ ಹೇಳಿದಳು. ಬೇಡ ಎಂದರೆ ಅಲ್ಲಿಗೆ ಬಿಡುವುದೆಂದೂ ಹೇಳಿದಳು.

ವಿಲ್ಬರ್ತ್ ಗಾಲಿಯ ಕಡ್ಡಿ ಒರೆಸುತ್ತಲೇ ಕೇಳಿದ: "ಗೂಡು ಕೆಟ್ರೆ?"

"ಜೋಳಾನೂ ಇಲ್ಲ, ಸುಣ್ಣಾನೂ ಇಲ್ಲ. ಊರೆಲ್ಲ ನಗತ್ತೆ."

"ಈಗೇನು ಅಳ್ತಾ ಇದೆಯಾ ಊರು? ನಗೋರು ನಗ್ಲಿ." ಅವನು ಎದ್ದು ಕೊಡಲಿ ಹುಡುಕಿದ. "ನಾನು ಇಸ್ಕೊಳ್ಳೋನು ಅಂತ ಎಷ್ಟು ವರ್ಷ ರೊಟ್ಟಿ ಇಸ್ಕೊಂಡಿಲ್ಲ? ಒಂದ್ಸಲ ಕೊಡೋನೂ ಆಗ್ತೀನಿ."

ನಿಕಾಸಿಯಾ ಅಂದು ಗಂಡನನ್ನು ಮದುವೆಯ ದಿನಕ್ಕಿಂತ ಹೆಚ್ಚು ಪ್ರೀತಿಸಿದಳು.

ತಿಯೊದೋಸಿಯೊ ಅಡ್ಡ ಬಂದ. ಮಾತು ಮುಗಿದಿದೆ, ಬಯಲು ಯಂತ್ರಕ್ಕೆ ಎಂದ. ವಿಲ್ಬರ್ತ್ ಕೈ ಮುಗಿದು, "ಯಂತ್ರ ಇನ್ನೂ ಬಂದಿಲ್ಲ ಯಜಮಾನ್ರೇ. ಸೌದೆ ನಮ್ದು, ಬೆವರು ನಮ್ದು. ನಗೋ ಲಾಭ ಎಲ್ಲ ನಿಮ್ದು" ಎಂದ. ಅದು ತಿಯೊದೋಸಿಯೊಗೂ ಸರಿಯೆನಿಸಿತು. ಇನ್ನೊಂದು ಸಲ, ಇದೇ ಕೊನೆ ಎಂದು ಎಲ್ಲರೆದುರು ಹೇಳಿ ಹೋದ.

ಎರಡನೇ ಗೂಡು ಏರುವಾಗ ಹೆಂಗಸರ ಉಡುಪೆಲ್ಲ ಚಕಾ ಹಾಲಿನ ಅಂಟು. "ಇನ್ನು ಇದನ್ನ ಗಂಡಂದಿರು ಒಗೀಲಿ" ಎಂದಳು ಕಿರಿಯ ತಂಗಿ. ಕೆಂಡ ಬಿದ್ದಾಗ ಈ ಸಲ ಹುಯಿಲಿಲ್ಲ, ಜ್ವಾಲೆಯ ಆರ್ಭಟವಿಲ್ಲ. ಗೂಡು ಗೊಣಗಿತು, ಸುಸ್ ಎಂದಿತು, ದಪ್ಪನೆಯ ಬಿಳಿ ಹೊಗೆ ಬಿಟ್ಟಿತು. ಹೆಂಗಸರ ಮುಖ ಸಪ್ಪಗಾಯಿತು. "ಆರೋಗತ್ತೇನೋ ನಿಕಾ, ಒಂದಿಷ್ಟು ಒಣಗಿದ್ದು ಹಾಕೋಣ್ವಾ?" ಎಂದರು. ಅವಳಿಗೂ ಕೈ ತುರಿಸಿತು. "ಬೇಡ. ಕೂಡಿ ಬಾಳಿದವರನ್ನ ಬಿಡಿಸೋದು ಅಷ್ಟು ಸುಲಭ ಅಲ್ಲ. ತಾಳ್ಮೆ ಬೇಕು, ತಾಳಿ" ಎಂದಳು. ಮಧ್ಯಾಹ್ನ ವಿಲ್ಬರ್ತ್ ಬುತ್ತಿ ತಂದ.

"ಮಾವ ಜೋಲಿಯಿಂದ ಎದ್ದು ಬಾಗ್ಲಲ್ಲಿ ಕೂತಿದಾನೆ. ಮೂಗು ಮೇಲೆತ್ತಿ ಗಾಳಿ ಮೂಸ್ತಾ ಇದಾನೆ. ಹೊಗೆ ಕರೀದೋ ಬಿಳೀದೋ ಅಂತ ಕೇಳ್ದ."

"ಏನಂದೆ?"

"ಬಿಳಿ ಅಂದೆ. ಆಮೇಲೆ ನನ್ ಸೈಕಲ್ ಗಾಲಿಗೆ ಗಾಳಿ ಸರಿಯಾಗಿದೆಯಾ ಅಂತ ಕೇಳ್ದ. ಯಾಕೆ ಅಂದ್ರೆ ಹೇಳ್ಲಿಲ್ಲ."

ಗೂಡು ಮಾರನೆಯ ದಿನವೂ ಉರಿಯಿತು. ನಿಧಾನವಾಗಿ ಕುಸಿದು, ಕಲ್ಲುಗಳನ್ನು ಬೂದಿಯ ಮಡಿಲಿಗೆ ಇಳಿಸಿಕೊಂಡು ತಣ್ಣಗಾಯಿತು. ನಿಕಾಸಿಯಾ ಒಂದು ಕಲ್ಲನ್ನು ಎತ್ತಿ ನೋಡಿದಳು. ಕೈ ತಾನಾಗಿ ಮೇಲೆ ಹೋಯಿತು, ಅಷ್ಟು ಹಗುರ. ಯಾರಿಗೂ ಹೇಳಲಿಲ್ಲ. ಇಬ್ಬನಿಗೆ ಬಿಟ್ಟಳು, ಮನೆಗೆ ಬಂದಳು, ಅನ್ನ ನೀರು ಸೇರಲಿಲ್ಲ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಊರಿಗೆ ಊರೇ ಬಯಲಿಗೆ ಬಂತು. ಯಾರು ಕರೆದದ್ದೂ ಅಲ್ಲ; ಹಾಲು ಮಾರುವವನು ದಾರಿಯಲ್ಲಿ ಏನೋ ಬೆಳ್ಳಗೆ ಕಂಡೆನೆಂದು ಹೇಳಿದ್ದನಂತೆ. ಬಂದವರು ಗೂಡಿನ ಸುತ್ತ ನೆರೆದರು. ಗುಡ್ಡೆ ಮೊದಲಿನ ಎರಡರಷ್ಟು ಉಬ್ಬಿತ್ತು. ನಡುವಿನಿಂದ ಬಿರಿದು, ಪದರ ಪದರವಾಗಿ ಹೊರಕ್ಕೆ ಬಾಗಿ, ಬಿಳಿ ದಾಸವಾಳದ ಹಾಗೆ ಅರಳಿ ನಿಂತಿತ್ತು. ಒಂದು ಬೂದು ಕಲ್ಲಿಲ್ಲ. ಬಿಸಿಲು ಬಿದ್ದು ಕಣ್ಣು ಕೋರೈಸಿತು.

ತಿಯೊದೋಸಿಯೊ ಮುಂದೆ ಬಂದ. ಮುಖಂಡನೆಂದ ಮೇಲೆ ಏನಾದರೂ ಮಾಡಬೇಕಲ್ಲ, ಜೇಬಿನಿಂದ ಹುಳಿ ಕಿತ್ತಳೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಂಡಿದ. ಗುಳ್ಳೆಯಿಲ್ಲ. ಇನ್ನೊಂದು ಕಡೆ ಹಿಂಡಿದ. ಇಲ್ಲ. ಬಗ್ಗಿ ಆಳಕ್ಕೆ ಕೈ ಹಾಕಿ ಒಳಗಿನದನ್ನು ತೆಗೆದು ಹಿಂಡಿದ. ಅದೂ ಬೆಣ್ಣೆಯ ಹಾಗೆ ಸುಮ್ಮನಿತ್ತು.

"ಹಣ್ಣೇ ಸರಿ ಇಲ್ಲ" ಎಂದ.

ನಿಕಾಸಿಯಾ ದಾರಿಯ ಕಲ್ಲೊಂದನ್ನು ಎತ್ತಿ ಅವನ ಮುಂದೆ ಹಿಡಿದಳು. "ಇದರ ಮೇಲೆ ಹಿಂಡಿ ಯಜಮಾನ್ರೇ." ಹಿಂಡಿದ. ಚುಳುಚುಳು ಗುಳ್ಳೆ ಎದ್ದವು. "ಹಣ್ಣು ಸರಿಯಾಗೇ ಇದೆ" ಎಂದಳು.

"ಕುಣಿಯೋಕೆ ಬರದೋರಿಗೆ ನೆಲ ಡೊಂಕು!" ಎಂದು ಕಿರಿಯ ತಂಗಿ ಕಿರುಚಿದಳು. ಬಯಲು ಬಿರಿಯುವ ಹಾಗೆ ನಗು ಎದ್ದಿತು. ಹೆಂಗಸರು ಒಬ್ಬರ ಮೈಗೊಬ್ಬರು ಸುಣ್ಣ ಎರಚಿಕೊಂಡು ಕುಣಿದರು. ತಿಯೊದೋಸಿಯೊ ಕೊನೆಗೆ ಟೋಪಿ ತೆಗೆದ. "ಬಯಲು ಸುಣ್ಣಕ್ಕೇ ಇರ್ಲಿ. ನಮ್ಮನೆಗೂ ಒಂದು ಬುಟ್ಟಿ ಕಳ್ಸು. ನನ್ನ ಹೆಂಡ್ತಿ ಆ ಚೀಲದ ಸುಣ್ಣದ ರೊಟ್ಟೀನ ನನ್ ಮುಖಕ್ಕೇ ಎಸೀತಾಳೆ" ಎಂದ. ಎಲ್ಲರ ನಗುವಿಗೆ ಅವನೂ ಕೂಡಿಕೊಂಡ.

ಆಗ ದಾರಿಯ ಕಡೆಯಿಂದ ಒಂದು ದನಿ ಬಂತು. ಒಡಕು ದನಿ, ಆದರೆ ಗಟ್ಟಿಯಾಗಿತ್ತು.

"ಮೇಸ್ತ್ರೀ! ಬುತ್ತಿ ತಂದಿದೀನಿ!"

ಎಲ್ಲರೂ ತಿರುಗಿದರು. ರಾಮೋನ್ ಮರದ ಕೆಳಗೆ ವಿಲ್ಬರ್ತನ ಮೂರು ಗಾಲಿಯ ಸೈಕಲ್ ನಿಂತಿತ್ತು. ಕೊಂಬೆಗೆ ಸೋರೆಬುರುಡೆ ತೂಗುತ್ತಿತ್ತು. ಮುಂದಿನ ಸೀಟಿನಲ್ಲಿ ದೊನ್ ಡಾಮಾಸೊ, ಒಗೆದ ಬಿಳಿ ಅಂಗಿ ತೊಟ್ಟು, ಗೂಡಿಗೆ ಬೆನ್ನು ಹಾಕಿ ಕೂತಿದ್ದ. ಕೂಗಿದ ಮೇಲೆ ಬೆನ್ನು ತಿರುಗಿಸಬೇಕಲ್ಲ. ಸೋತ ಮಂಡಿಯವನು ಅಳಿಯನಿಗೆ ಹೇಳಿ ಸೈಕಲನ್ನೇ ತಿರುಗಿಸಿಕೊಂಡಿದ್ದ.

ನಿಕಾಸಿಯಾ ಒಂದು ಹಿಡಿ ಸುಣ್ಣ ಬಾಚಿಕೊಂಡು ಓಡಿದಳು. ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ.

"ಅಪ್ಪಾ, ತಿರುಗಪ್ಪಾ."

"ಮೇಸ್ತ್ರಿ ಹೇಳಿದ್ರೆ ತಿರುಗ್ತೀನಿ."

"ಮೇಸ್ತ್ರಿ ಹೇಳ್ತಾ ಇದಾಳೆ. ತಿರುಗು. ಇನ್ಮೇಲೆ ಈ ಮರದ ಹತ್ರ ಯಾರೂ ಬೆನ್ನು ಹಾಕ್ಬೇಕಾಗಿಲ್ಲ."

ವಿಲ್ಬರ್ತ್ ಸೈಕಲ್ ತಿರುಗಿಸಿದ. ಡಾಮಾಸೊ ಅಂಗೈ ಚಾಚಿದ. ನಿಕಾಸಿಯಾ ಸುಣ್ಣ ಸುರಿದಳು. ಬಿಸಿಲು ಅವಳ ಬೆನ್ನಿಗಿತ್ತು; ಅವಳ ನೆರಳು ನೇರವಾಗಿ ಅಪ್ಪನ ಅಂಗೈಯ ಬಿಳುಪಿನ ಮೇಲೆ ಬಿತ್ತು. ಇಬ್ಬರೂ ಅದನ್ನು ನೋಡಿದರು. ಅವಳು ಪಕ್ಕಕ್ಕೆ ಸರಿಯಹೋದಳು. "ಅಲ್ಲೇ ನಿಂತ್ಕೋ" ಎಂದ ಅಪ್ಪ. ಬೆರಳ ತುದಿಯಲ್ಲಿ ಒಂದು ಚಿಟಿಕೆ ತೆಗೆದು ನಾಲಗೆಗೆ ಮುಟ್ಟಿಸಿದ. ಮುಖ ಹಿಂಡಿತು, ಕಣ್ಣಲ್ಲಿ ನೀರು ಬಂತು.

"ನಿನ್ ನೆರಳು ಬಿದ್ರೂ ಸುಡತ್ತೆ ಕಣೇ" ಎಂದ. "ನಂದಕ್ಕಿಂತ ಒಂದು ಕೈ ಮೇಲು."

ವಿಲ್ಬರ್ತ್ ಬುರುಡೆಯನ್ನು ಕೊಂಬೆಯಿಂದ ಇಳಿಸಿ ಮಾವನ ಮಡಿಲಿಗಿಟ್ಟ. ಆಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ ಸೈಕಲನ್ನು ಮರ ದಾಟಿಸಿ, ಅರಳಿದ ಗೂಡಿನ ಹತ್ತಿರಕ್ಕೆ ತಳ್ಳಿಕೊಂಡು ಹೋದರು.